ಎಲಿಪ್ಸ್‌ಗಳು ಒಂದರ ಮೇಲೊಂದು ಬಿದ್ದರೆ ಗುಂಪುಗಳು ಒಂದೇ ಅಂತಲಾ?

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪಶ್ಚಿಮ ಘಟ್ಟದ ಮೂರು ಹೊಳೆಗಳಿಂದ ಒಂದೇ ಜಾತಿಯ ಮೀನು ಹಿಡಿದು, ಪ್ರತಿ ಮೀನಿಗೆ ಎಂಟು ಅಳತೆ ತೆಗೆದಿದ್ದೇನೆ. ಮೊದಲ ಹೊಳೆಯಿಂದ 22, ಎರಡನೆಯದರಿಂದ 18, ಮೂರನೆಯದರಲ್ಲಿ ಸಿಕ್ಕಿದ್ದು 4 ಮಾತ್ರ. ಪಿಸಿಎ (ಹಲವು ಅಳತೆಗಳನ್ನು ಕೆಲವೇ ಹೊಸ ಅಕ್ಷಗಳಾಗಿ, ಅಂದರೆ ಘಟಕಗಳಾಗಿ, ಒಟ್ಟುಗೂಡಿಸುವ ವಿಧಾನ) ಮಾಡಿ ಪ್ರತಿ ಗುಂಪಿಗೂ 95% ಕಾನ್ಫಿಡೆನ್ಸ್ ಎಲಿಪ್ಸ್ (ದೀರ್ಘವೃತ್ತ) ಬರೆದೆ. ಮೂರೂ ಒಂದರ ಮೇಲೊಂದು ಬಿದ್ದವು. ಗೈಡ್ ನೋಡಿ ‘ವ್ಯತ್ಯಾಸ ಇಲ್ಲ ಬಿಡಿ’ ಅಂದರು. ಬೇರೆ ಪ್ಯಾಕೇಜಿನಲ್ಲಿ ಬರೆದರೆ ಎಲಿಪ್ಸ್‌ಗಳು ಪುಟ್ಟದಾಗಿ ಬಂದು ದೂರ ದೂರ ನಿಂತವು. ಎರಡರಲ್ಲೂ 95% ಅಂತಲೇ ಇದೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ಸರಿ ಇರಬಹುದು. ಅವೆರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ, ಅಷ್ಟೇ. ಇಲ್ಲಿ ತಪ್ಪಿರುವುದು ಪ್ಯಾಕೇಜಿನದಲ್ಲ, ಎರಡಕ್ಕೂ ಒಂದೇ ಹೆಸರು ಇಟ್ಟಿರುವ ನಮ್ಮ ರೂಢಿಯದು. ಪ್ರಕಟವಾದ ಪೇಪರ್‌ಗಳಲ್ಲೂ ಚಿತ್ರದ ಕೆಳಗೆ ‘95% ಎಲಿಪ್ಸ್’ ಅಂತ ಬರೆದು ಮುಗಿಸಿರುತ್ತಾರೆ. ಯಾವುದರ 95% ಅಂತ ಹೇಳುವುದೇ ಇಲ್ಲ. ಓದುವವರು ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ.

ಮೊದಲನೇ ಬಗೆಯ ಎಲಿಪ್ಸ್ ಮೀನುಗಳ ಬಗ್ಗೆ. ಈ ಹೊಳೆಯ ಮೀನುಗಳಲ್ಲಿ ನೂರಕ್ಕೆ 95 ಸುಮಾರಾಗಿ ಎಲ್ಲಿ ಬೀಳುತ್ತವೆ ಎಂದು ಅದು ತೋರಿಸುತ್ತದೆ. ಇದನ್ನು ಡೇಟಾ ಎಲಿಪ್ಸ್ ಎನ್ನೋಣ. ಎರಡನೇ ಬಗೆಯದು ಸರಾಸರಿಯ ಬಗ್ಗೆ. ಈ ಹೊಳೆಯ ಮೀನುಗಳ ನಿಜವಾದ ಸರಾಸರಿ ಎಲ್ಲಿರಬಹುದು, ಅದರ ಬಗ್ಗೆ ನಮಗೆಷ್ಟು ಅನುಮಾನ ಉಳಿದಿದೆ ಎಂದು ಅದು ತೋರಿಸುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಕಾನ್ಫಿಡೆನ್ಸ್ ಎಲಿಪ್ಸ್ ಎನ್ನುವ ಹೆಸರು ಸಲ್ಲುವುದು ಈ ಎರಡನೆಯದಕ್ಕೆ ಮಾತ್ರ. ಒಂದು ತರಗತಿಯ ಸರಾಸರಿ ಅಂಕ 62 ಅಂತ ಚೆನ್ನಾಗಿ ಗೊತ್ತಿದ್ದರೂ, ಅದೇ ತರಗತಿಯ ಒಬ್ಬ ಹುಡುಗ 35 ತೆಗೆದಿರಬಹುದು, 90 ತೆಗೆದಿರಬಹುದು, ಅಲ್ವಾ? ಇಲ್ಲೂ ಹಾಗೇ. ಹೆಚ್ಚು ಮೀನು ಅಳೆದಷ್ಟೂ ಸರಾಸರಿಯ ಎಲಿಪ್ಸ್ ಕುಗ್ಗುತ್ತಾ ಹೋಗುತ್ತದೆ. ಡೇಟಾ ಎಲಿಪ್ಸ್ ಕುಗ್ಗುವುದಿಲ್ಲ. ಮೀನುಗಳ ನಡುವಿನ ಸಹಜ ವ್ಯತ್ಯಾಸ ಎಷ್ಟಿದೆಯೋ ಅಲ್ಲಿಗೆ ಬಂದು ನಿಲ್ಲುತ್ತದೆ.

ಇವೆರಡರ ಸಂಬಂಧ ಬಹಳ ಸರಳ. ಗುಂಪಿನಲ್ಲಿ ಎಷ್ಟು ಮೀನಿವೆಯೋ ಆ ಸಂಖ್ಯೆಯ ವರ್ಗಮೂಲದಿಂದ ಡೇಟಾ ಎಲಿಪ್ಸ್‌ನ ಉದ್ದ ಅಗಲಗಳನ್ನು ಭಾಗಿಸಿದರೆ ಸರಾಸರಿಯ ಎಲಿಪ್ಸ್ ಬರುತ್ತದೆ. 50 ಇದ್ದರೆ ಎಲ್ಲ ದಿಕ್ಕಿನಲ್ಲೂ ಸುಮಾರು 7 ಪಟ್ಟು ಚಿಕ್ಕದು, ವಿಸ್ತೀರ್ಣದಲ್ಲಿ 50 ಪಟ್ಟು ಚಿಕ್ಕದು. ನಿಮ್ಮ ಎರಡನೇ ಪ್ಯಾಕೇಜಿನಲ್ಲಿ ಎಲಿಪ್ಸ್‌ಗಳು ಪುಟ್ಟದಾಗಿ ಬಂದದ್ದಕ್ಕೆ ಬಹುಶಃ ಇದೇ ಕಾರಣ.

ಇದನ್ನು ನಿಮ್ಮ ಕಂಪ್ಯೂಟರಿನಲ್ಲೇ ನೋಡಬಹುದು. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಐರಿಸ್ ಹೂವಿನ ಡೇಟಾ ಇದ್ದೇ ಇರುತ್ತದೆ. ಮೂರು ಜಾತಿ, ಒಂದೊಂದರಲ್ಲಿ 50, ಒಟ್ಟು 150 ಹೂವು. ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಅಳೆದದ್ದು, ಮೂರರಲ್ಲಿ ಎರಡು ಜಾತಿಯ ಹೂವು ಕೆನಡಾದ ಗ್ಯಾಸ್ಪೆ ಪರ್ಯಾಯದ್ವೀಪದವು. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ತಮ್ಮ ಪ್ರಬಂಧದಲ್ಲಿ ಬಳಸಿದ ಮೇಲೆ ಅದು ಪ್ರಪಂಚಕ್ಕೆಲ್ಲ ಗೊತ್ತಾಯಿತು. ಅದರಲ್ಲಿ ಸೆಪಲ್‌ನ (ಹೂವಿನ ಹೊರ ಎಸಳಿನ) ಉದ್ದ ಮತ್ತು ಅಗಲ ಎರಡನ್ನೇ ತೆಗೆದುಕೊಳ್ಳಿ. ವರ್ಸಿಕಲರ್‌ನ ಸರಾಸರಿ ಉದ್ದ 5.94 ಸೆಂಮೀ, ಅಗಲ 2.77. ವರ್ಜಿನಿಕಾದ್ದು 6.59 ಮತ್ತು 2.97. ಈ ಎರಡು ಜಾತಿಗೆ ಡೇಟಾ ಎಲಿಪ್ಸ್ ಬರೆದರೆ ಒಂದರ ಬಹುಪಾಲು ಇನ್ನೊಂದರ ಮೇಲೆ ಬಿದ್ದಿರುತ್ತದೆ. ಈ ಎರಡು ಅಳತೆ ಮಾತ್ರ ಇಟ್ಟುಕೊಂಡು ಒಂದು ಹೂವನ್ನು ಕೈಗೆ ಕೊಟ್ಟು ಯಾವ ಜಾತಿ ಅಂತ ಕೇಳಿದರೆ ಎಷ್ಟೋ ಸಲ ತಪ್ಪು ಹೇಳುತ್ತೇವೆ. ಅದೇ ಡೇಟಾಕ್ಕೆ ಸರಾಸರಿಯ ಎಲಿಪ್ಸ್ ಬರೆಯಿರಿ. ಎರಡೂ ಪುಟ್ಟದಾಗಿ, ನಡುವೆ ಜಾಗ ಬಿಟ್ಟು, ಬೇರೆ ಬೇರೆ ನಿಲ್ಲುತ್ತವೆ. ಸರಾಸರಿಗಳು ಬೇರೆ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಹೂವುಗಳು ಬೆರೆತಿವೆ ಎನ್ನುವುದೂ ನಿಜ, ಸರಾಸರಿಗಳು ಬೇರೆ ಎನ್ನುವುದೂ ನಿಜ. ನಿಮ್ಮ ಗೈಡ್ ಮೊದಲನೇ ಚಿತ್ರ ನೋಡಿ ಎರಡನೇ ಪ್ರಶ್ನೆಗೆ ಉತ್ತರ ಹೇಳಿದ್ದಾರೆ. ಬಹಳ ಜನ ಹೀಗೇ ಮಾಡುತ್ತಾರೆ.

ಹಾಗಾದರೆ ಯಾವುದನ್ನು ಬರೆಯಬೇಕು? ನಿಮ್ಮ ಪ್ರಶ್ನೆ ಏನು ಎನ್ನುವುದನ್ನು ನೋಡಿ. ‘ಒಂದು ಮೀನನ್ನು ನೋಡಿ ಯಾವ ಹೊಳೆಯದು ಅಂತ ಹೇಳಬಹುದಾ’ ಎನ್ನುವುದು ನಿಮ್ಮ ಪ್ರಶ್ನೆಯಾದರೆ ಡೇಟಾ ಎಲಿಪ್ಸ್. ‘ಹೊಳೆಯಿಂದ ಹೊಳೆಗೆ ಮೀನಿನ ಸರಾಸರಿ ಆಕಾರ ಬದಲಾಗಿದೆಯಾ’ ಎನ್ನುವುದಾದರೆ ಸರಾಸರಿಯ ಎಲಿಪ್ಸ್. ಎರಡನ್ನೂ ಒಂದೇ ಚಿತ್ರದಲ್ಲಿ, ಒಂದನ್ನು ತೆಳು ಗೆರೆಯಲ್ಲಿ ಇನ್ನೊಂದನ್ನು ಬಣ್ಣ ತುಂಬಿ ಬರೆದರೆ ನನಗಂತೂ ತುಂಬಾ ಇಷ್ಟ. ಓದುವವರಿಗೆ ಪೂರ್ತಿ ಕಥೆ ಒಂದೇ ಕಡೆ ಸಿಗುತ್ತದೆ.

ಡೇಟಾ ಎಲಿಪ್ಸ್ ಕೆಳದರ್ಜೆಯದು ಅಂದುಕೊಳ್ಳಬೇಡಿ. ಕೆಲವೊಮ್ಮೆ ಜೀವಶಾಸ್ತ್ರದ ನಿಜವಾದ ವಿಷಯ ಇರುವುದೇ ಅದರಲ್ಲಿ. 1898ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಜೋರಾದ ಚಳಿಬಿರುಗಾಳಿ ಬೀಸಿತು. ನೆಲಕ್ಕೆ ಬಿದ್ದಿದ್ದ 136 ಗುಬ್ಬಚ್ಚಿಗಳನ್ನು ಬ್ರೌನ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ತಂದರು. 72 ಬದುಕಿದವು, 64 ಸತ್ತವು. ಹರ್ಮನ್ ಬಂಪಸ್ ಎಲ್ಲವನ್ನೂ ಅಳೆದು ಡೇಟಾವನ್ನು ಪ್ರಕಟಿಸಿದರು. ಅದರಲ್ಲಿ 49 ಹೆಣ್ಣು ಗುಬ್ಬಚ್ಚಿಗಳ ಅಳತೆ ಇಂದಿಗೂ ಪಾಠಕ್ಕೆ ಬಳಕೆಯಾಗುತ್ತದೆ. 21 ಬದುಕಿದ್ದು, 28 ಸತ್ತದ್ದು. ರೆಕ್ಕೆ ಹರವಿನ ಸರಾಸರಿ ಎರಡು ಗುಂಪಿನಲ್ಲೂ 241ರಿಂದ 242 ಮಿಲಿಮೀಟರ್ ನಡುವೆ. ಪಾಠದಲ್ಲಿ ಬಳಸುವ ಐದೂ ಅಳತೆ ಸೇರಿಸಿ ಹೋಟೆಲಿಂಗ್ ಟೆಸ್ಟ್ (ಹಲವು ಅಳತೆಗಳ ಸರಾಸರಿಯನ್ನು ಒಟ್ಟಿಗೆ ಹೋಲಿಸುವ ಪರೀಕ್ಷೆ) ಮಾಡಿದರೂ ಸರಾಸರಿಯಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಸರಾಸರಿಯ ಎಲಿಪ್ಸ್ ಮಾತ್ರ ಬರೆದಿದ್ದರೆ ‘ಏನೂ ಇಲ್ಲ’ ಅಂತ ಎದ್ದು ಹೋಗಬೇಕಿತ್ತು. ಆದರೆ ರೆಕ್ಕೆ ಹರವಿನ ವೇರಿಯನ್ಸ್ (ಹರಡಿಕೆಯ ಅಳತೆ) ನೋಡಿ. ಬದುಕಿದವುಗಳಲ್ಲಿ ಸುಮಾರು 17.5, ಸತ್ತವುಗಳಲ್ಲಿ ಸುಮಾರು 32.6. ಸತ್ತವುಗಳ ಡೇಟಾ ಎಲಿಪ್ಸ್ ಅಗಲವಾಗಿ ಹರಡಿಕೊಂಡಿದೆ. ತೀರಾ ಚಿಕ್ಕವೂ ತೀರಾ ದೊಡ್ಡವೂ ಸತ್ತು, ಮಧ್ಯಮ ಗಾತ್ರದವು ಉಳಿದಿರಬಹುದು ಎನ್ನುವ ಸೂಚನೆ ಅದು. ಇಂಥದ್ದು ನಿಮ್ಮ ಮೀನುಗಳಲ್ಲೂ ಇರಬಹುದು. ಒಂದು ಹೊಳೆಯ ಎಲಿಪ್ಸ್ ಇನ್ನೊಂದಕ್ಕಿಂತ ದಪ್ಪಗಿದ್ದರೆ ಅದನ್ನೂ ಬರೆಯಿರಿ. ಅದೂ ಒಂದು ಫಲಿತಾಂಶವೇ.

ಎಲಿಪ್ಸ್ ಯಾಕೆ ಬೇಕು, ಒಂದೊಂದು ಅಳತೆಗೂ ಎರರ್ ಬಾರ್ (ಸರಾಸರಿಯ ಎರಡೂ ಬದಿಗೆ ಚಾಚುವ ಗೆರೆ) ಹಾಕಿದರೆ ಸಾಲದಾ ಅಂತ ನಿಮ್ಮ ಗೈಡ್ ಕೇಳಬಹುದು. ಸಾಲದು. ಜೀವಿಗಳ ಅಳತೆಗಳು ಒಂದನ್ನೊಂದು ಹಿಡಿದುಕೊಂಡೇ ಬೆಳೆಯುತ್ತವೆ. ಉದ್ದ ಇರುವ ಮೀನು ಸಾಮಾನ್ಯವಾಗಿ ಅಗಲವೂ ಇರುತ್ತದೆ. ಐರಿಸ್ ಸೆಟೋಸಾದಲ್ಲಿ ಸೆಪಲ್‌ನ ಉದ್ದ ಸರಾಸರಿ 5.01, ಸ್ಟ್ಯಾಂಡರ್ಡ್ ಡೀವಿಯೇಷನ್ (ವೇರಿಯನ್ಸ್‌ನ ವರ್ಗಮೂಲ, ಮುಂದೆ ಬರೀ ಡೀವಿಯೇಷನ್) 0.35. ಅಗಲ 3.43, ಡೀವಿಯೇಷನ್ 0.38. ಎರಡರ ನಡುವೆ ಕೋರಿಲೇಷನ್ (ಒಂದರ ಜೊತೆ ಇನ್ನೊಂದು ಎಷ್ಟು ಏರಿಳಿಯುತ್ತದೆ ಎನ್ನುವ ಅಳತೆ) 0.74. ಈಗ 5.7 ಉದ್ದ, 2.8 ಅಗಲದ ಒಂದು ಹೂವು ಸಿಕ್ಕಿತು ಅಂದುಕೊಳ್ಳಿ. ಉದ್ದ ನೋಡಿದರೆ ಎರಡು ಡೀವಿಯೇಷನ್ ಒಳಗೇ ಇದೆ. ಅಗಲ ನೋಡಿದರೂ ಒಳಗೇ ಇದೆ. ಎರಡನ್ನೂ ಒಟ್ಟಿಗೆ ನೋಡಿದರೆ ಅದು ಸೆಟೋಸಾದ ಮಧ್ಯದಿಂದ ಐದು ಡೀವಿಯೇಷನ್‌ಗಳಷ್ಟು ದೂರ. ಯಾಕೆಂದರೆ ಇಷ್ಟು ಉದ್ದದ ಸೆಟೋಸಾ ಹೂವು ಇಷ್ಟು ತೆಳ್ಳಗೆ ಇರುವುದಿಲ್ಲ. ಎರರ್ ಬಾರ್‌ಗಳಿಂದ ಮಾಡಿದ ಚೌಕ ಇದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಓರೆಯಾಗಿ ಮಲಗಿದ ಎಲಿಪ್ಸ್ ಹೊರಗೆ ಹಾಕುತ್ತದೆ. ಡೇಟಾದಲ್ಲೇ ಇರುವ 42ನೇ ಹೂವು (4.5 ಮತ್ತು 2.3) 95% ಎಲಿಪ್ಸ್‌ನ ಹೊರಗೆ ಬಿದ್ದಿರುವುದನ್ನು ನೀವು ಬರೆದ ಚಿತ್ರದಲ್ಲಿ ಕಾಣಬಹುದು.

ಅದೇ ಡೇಟಾದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಮೂರೂ ಜಾತಿಯನ್ನು ಕಲಸಿ ಒಂದೇ ಎಲಿಪ್ಸ್ ಬರೆದರೆ ಉದ್ದ ಹೆಚ್ಚಾದಂತೆ ಅಗಲ ತುಸು ಕಡಿಮೆಯಾಗುವಂತೆ ಕಾಣುತ್ತದೆ, ಕೋರಿಲೇಷನ್ ಮೈನಸ್ 0.12. ಜಾತಿಗೊಂದರಂತೆ ಬರೆದರೆ ಮೂರೂ ಮೇಲ್ಮುಖ. 0.74, 0.53, 0.46. ಗುಂಪು ಗೊತ್ತಿದ್ದ ಮೇಲೆ ಗುಂಪಿಗೊಂದು ಎಲಿಪ್ಸ್ ಬರೆಯಲೇಬೇಕು.

ಈ ‘ದೂರ’ ಎನ್ನುವ ಮಾತು ಬಂತಲ್ಲ, ಅದು ಸ್ಕೇಲ್ ಇಟ್ಟು ಅಳೆಯುವ ದೂರ ಅಲ್ಲ. ಅಳತೆಗಳ ಹರಡಿಕೆ, ಅವುಗಳ ನಡುವಿನ ನಂಟು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ದೂರ. ಇದನ್ನು ಕೊಟ್ಟವರು ನಮ್ಮ ದೇಶದವರೇ ಆದ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್. ಕಲ್ಕತ್ತಾದ ಆಂಗ್ಲೋ-ಇಂಡಿಯನ್ ಜನರ ದೇಹದ ಅಳತೆಗಳನ್ನು ವಿಶ್ಲೇಷಿಸುತ್ತಾ ಶುರುವಾದ ಕೆಲಸ ಅದು, 1936ರ ಪ್ರಬಂಧದಲ್ಲಿ ಪೂರ್ಣ ರೂಪಕ್ಕೆ ಬಂತು. ಎಲಿಪ್ಸ್ ಅಂದರೆ ಮಧ್ಯದಿಂದ ಒಂದೇ ಮಹಲನೋಬಿಸ್ ದೂರದಲ್ಲಿರುವ ಎಲ್ಲ ಬಿಂದುಗಳನ್ನು ಸೇರಿಸಿದ ಗೆರೆ, ಬೇರೇನೂ ಅಲ್ಲ. ಇದನ್ನು ಜೀವಶಾಸ್ತ್ರದ ವರ್ಗೀಕರಣಕ್ಕೆ ಗಟ್ಟಿಯಾಗಿ ಕಟ್ಟಿಕೊಟ್ಟವರು ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಸುಡಾನ್‌ನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಕೇಂಬ್ರಿಜ್‌ನಲ್ಲಿ ಕೂತು ಇದೇ ವಿಧಾನದಲ್ಲಿ ವಿಶ್ಲೇಷಿಸಿ, ಫಿಶರ್ ಅವರ ಬಳಿ 1948ರಲ್ಲಿ ಪಿಎಚ್‌ಡಿ ಮುಗಿಸಿದರು. ನಿಮ್ಮ ಮೀನುಗಳ ಮೇಲೆ ನೀವು ಮಾಡುತ್ತಿರುವುದೂ ಇದೇ ವಂಶದ ಕೆಲಸ, ಹಾಗಾಗಿ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಈಗ ಶೇಕಡಾವಾರು ವಿಷಯ. ಒಂದೇ ಅಳತೆಯಾದರೆ ಒಂದು ಡೀವಿಯೇಷನ್ ಒಳಗೆ 68%, ಎರಡರ ಒಳಗೆ 95% ಅಂತ ಎಲ್ಲರಿಗೂ ಬಾಯಿಪಾಠ. ಎರಡು ಅಳತೆಯ ಎಲಿಪ್ಸ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಒಂದು ಡೀವಿಯೇಷನ್ ಎಲಿಪ್ಸ್ ಒಳಗೆ 39% ಮಾತ್ರ. ಎರಡರದ್ದಕ್ಕೆ 86.5%. 95% ಬೇಕಿದ್ದರೆ 2.45 ಡೀವಿಯೇಷನ್ ದೂರ ಹೋಗಬೇಕು. ಇವೆಲ್ಲ ಡೇಟಾ ನಾರ್ಮಲ್ (ಮಧ್ಯದಲ್ಲಿ ಹೆಚ್ಚು, ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯಾಕಾರದ ಹಂಚಿಕೆ) ಆಗಿದ್ದರೆ ಮಾತ್ರ. ಪ್ರಾಣಿಗಳ ಆಹಾರದ ಅಧ್ಯಯನ ಮಾಡುವವರು, ಅಂದರೆ ಕಾರ್ಬನ್ ಮತ್ತು ನೈಟ್ರೋಜನ್ ಐಸೋಟೋಪ್ ನೋಡಿ ಯಾವ ಮೀನು ಏನು ತಿನ್ನುತ್ತದೆ ಅಂತ ಹುಡುಕುವವರು, ಸೈಬರ್ ಎಂಬ ಪ್ಯಾಕೇಜ್ ಬಳಸುತ್ತಾರೆ. ಅದರ ‘ಸ್ಟ್ಯಾಂಡರ್ಡ್ ಎಲಿಪ್ಸ್’ ಒಳಗೆ ಸುಮಾರು 40% ಮೀನು ಇರುವುದು ಇದೇ ಕಾರಣಕ್ಕೆ. ಅಲ್ಲಿ ಎಲಿಪ್ಸ್‌ಗಳು ಎಷ್ಟು ಒಂದರ ಮೇಲೊಂದು ಬಿದ್ದಿವೆ ಎನ್ನುವುದೇ ಮುಖ್ಯ ಅಳತೆ, ಯಾಕೆಂದರೆ ಎರಡು ಜಾತಿಗಳ ಆಹಾರ ಎಷ್ಟು ಬೆರೆತಿದೆ ಎನ್ನುವುದೇ ಅವರ ಪ್ರಶ್ನೆ. ಸರಾಸರಿ ಬೇರೆಯಾ ಅಂತ ಅವರು ಕೇಳುತ್ತಲೇ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದರ ಮೇಲೊಂದು ಬೀಳುವುದಕ್ಕೆ ಏನರ್ಥ ಅಂತ ನೋಡೋಣ. ಸರಾಸರಿಯ 95% ಎಲಿಪ್ಸ್‌ಗಳೇ ಆಗಿರಲಿ. ಎರಡೂ ಒಂದೇ ಗಾತ್ರ, ಒಂದೇ ಓರೆ ಅಂದುಕೊಳ್ಳಿ. ಅವು ಮುಟ್ಟದೆ ನಿಲ್ಲಬೇಕಿದ್ದರೆ ಮಧ್ಯಬಿಂದುಗಳ ನಡುವೆ ಎಲಿಪ್ಸ್‌ನ ಅರ್ಧ ಅಗಲದ ಎರಡರಷ್ಟು ದೂರ ಇರಬೇಕು. ಆದರೆ ವ್ಯತ್ಯಾಸ ಇದೆ ಅಂತ 5% ಮಟ್ಟದಲ್ಲಿ ಹೇಳಲು ಆ ಅರ್ಧ ಅಗಲದ ಸುಮಾರು 1.4ರಷ್ಟು ದೂರ ಸಾಕು. ಇವೆರಡರ ನಡುವೆ ದೊಡ್ಡ ಜಾಗ ಉಳಿಯಿತು. ಅಲ್ಲಿ ಎಲಿಪ್ಸ್‌ಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ, ಆದರೂ ವ್ಯತ್ಯಾಸ ನಿಜ. ಆದ್ದರಿಂದ ಮುಟ್ಟದೆ ದೂರ ನಿಂತರೆ ‘ಬೇರೆ’ ಅಂತ ಧೈರ್ಯವಾಗಿ ಹೇಳಬಹುದು. ಮುಟ್ಟಿದರೆ ‘ಒಂದೇ’ ಅಂತ ಹೇಳುವ ಹಾಗಿಲ್ಲ. ಕಣ್ಣಿಗೆ ಕಾಣುವುದಕ್ಕೂ ಟೆಸ್ಟ್‌ಗೂ ತಾಳೆ ಬರಲೇಬೇಕು ಅಂತಿದ್ದರೆ ದೊಡ್ಡ ಸ್ಯಾಂಪಲ್‌ನಲ್ಲಿ 78% ಆಸುಪಾಸಿನ ಎಲಿಪ್ಸ್ ಬರೆಯಬೇಕಾಗುತ್ತದೆ. ನಾನು ಅದನ್ನು ಸಲಹೆ ಮಾಡುವುದಿಲ್ಲ, 78 ಯಾಕೆ ಅಂತ ವಿವರಿಸುವುದರಲ್ಲೇ ಒಂದು ಪುಟ ಹೋಗುತ್ತದೆ. ಟೆಸ್ಟ್ ಬೇಕಿದ್ದರೆ ಟೆಸ್ಟ್ ಮಾಡಿ. ಎಲಿಪ್ಸ್ ಚಿತ್ರ, ಅದು ಟೆಸ್ಟ್ ಅಲ್ಲ.

ಪ್ಯಾಕೇಜ್‌ಗಳ ಡೀಫಾಲ್ಟ್ ಏನು ಅಂತ ಗೊತ್ತಿಲ್ಲದೆ ಬಳಸುವುದೇ ಅರ್ಧ ಗೊಂದಲಕ್ಕೆ ಕಾರಣ. ಆರ್‌ನ ಪ್ಯಾಕೇಜ್‌ಗಳನ್ನು ಮೊದಲು ನೋಡೋಣ. ಜಿಜಿಪ್ಲಾಟ್2ರ ಸ್ಟ್ಯಾಟ್ ಎಲಿಪ್ಸ್ ಬರೆಯುವುದು ಡೇಟಾ ಎಲಿಪ್ಸ್. ಏನೂ ಹೇಳದಿದ್ದರೆ ನಾರ್ಮಲ್ ಬದಲು ಟಿ-ಡಿಸ್ಟ್ರಿಬ್ಯೂಷನ್ ಹಿಡಿಯುತ್ತದೆ. ಅದರಲ್ಲೇ ‘ಯೂಕ್ಲಿಡ್’ ಆಯ್ಕೆ ಮಾಡಿದರೆ ಬರೀ ವೃತ್ತ ಬರುತ್ತದೆ, ಅದಕ್ಕೂ ಶೇಕಡಾ 95ಕ್ಕೂ ಸಂಬಂಧವೇ ಇಲ್ಲ. ಫ್ಯಾಕ್ಟೋಎಕ್ಸ್‌ಟ್ರಾದಲ್ಲಿ ಎಲಿಪ್ಸ್ ಬೇಕು ಅಂತ ಹೇಳಿ ಸುಮ್ನೆ ಬಿಟ್ಟರೆ ಡೇಟಾ ಎಲಿಪ್ಸ್, ಬಗೆ ‘ಕಾನ್ಫಿಡೆನ್ಸ್’ ಅಂತ ಬರೆದರೆ ಸರಾಸರಿಯ ಎಲಿಪ್ಸ್. ಫ್ಯಾಕ್ಟೋಮೈನ್‌ಆರ್ ತಾನಾಗಿಯೇ ಸರಾಸರಿಯದನ್ನು ಬರೆಯುತ್ತದೆ. ವೀಗನ್‌ನ ಆರ್ಡಿಎಲಿಪ್ಸ್‌ನಲ್ಲಿ ‘ಎಸ್‌ಡಿ’ ಅಂದರೆ ಮೊದಲ ಬಗೆ, ‘ಎಸ್ಇ’ ಅಂದರೆ ಎರಡನೆಯದು. ಮಟ್ಟ ಎಷ್ಟು ಅಂತ ಕೊಡದಿದ್ದರೆ ಅದು ಒಂದು ಡೀವಿಯೇಷನ್‌ನದ್ದನ್ನೇ ಬರೆಯುತ್ತದೆ, 95% ಅಲ್ಲ. ಪೈಥಾನ್ ಬಳಸುವವರು ಮ್ಯಾಟ್‌ಪ್ಲಾಟ್‌ಲಿಬ್‌ನ ಉದಾಹರಣೆಯಿಂದ ‘ಕಾನ್ಫಿಡೆನ್ಸ್ ಎಲಿಪ್ಸ್’ ಎಂಬ ಫಂಕ್ಷನ್ ನಕಲು ಮಾಡಿಕೊಳ್ಳುತ್ತಾರೆ. ಹೆಸರು ಹಾಗಿದ್ದರೂ ಅದು ಡೇಟಾ ಎಲಿಪ್ಸ್, ಡೀಫಾಲ್ಟ್ ಮೂರು ಡೀವಿಯೇಷನ್, ಅಂದರೆ ಸುಮಾರು 99%. ಇಷ್ಟು ಬಗೆ ಇರುವಾಗ ನಿಮಗೆ ಎರಡೇ ಥರ ಚಿತ್ರ ಬಂದದ್ದು ಕಡಿಮೆಯೇ.

ನಾಲ್ಕು ಮೀನಿನ ಗುಂಪಿಗೆ ಬರೋಣ. ನಿಮ್ಮ ಪ್ರಶ್ನೆ ಓದುವಾಗ ನನಗೆ ಹೆಚ್ಚು ಚಿಂತೆಯಾದದ್ದು ಇದರ ಬಗ್ಗೆಯೇ. ನಾಲ್ಕು ಬಿಂದುಗಳಿಂದ ಎಲಿಪ್ಸ್‌ನ ಉದ್ದ, ಅಗಲ, ಓರೆ ಮೂರನ್ನೂ ಅಂದಾಜು ಮಾಡಬೇಕು. ಅಷ್ಟು ಮಾಹಿತಿ ಅಲ್ಲಿ ಇಲ್ಲವೇ ಇಲ್ಲ. ಸರಿಯಾದ ಲೆಕ್ಕ, ಅಂದರೆ ಹೆರಾಲ್ಡ್ ಹೋಟೆಲಿಂಗ್ 1931ರಲ್ಲಿ ಕೊಟ್ಟದ್ದು, ಎಫ್-ಡಿಸ್ಟ್ರಿಬ್ಯೂಷನ್ ಬಳಸಿ ಈ ಅನುಮಾನವನ್ನೂ ಸೇರಿಸಿಕೊಳ್ಳುತ್ತದೆ. ಅದರ ಪ್ರಕಾರ ನಾಲ್ಕು ಮೀನಿದ್ದರೆ ಸರಾಸರಿಯ 95% ಎಲಿಪ್ಸ್ ಎಲ್ಲ ಕಡೆಗೂ ಸುಮಾರು 3.8 ಡೀವಿಯೇಷನ್ ಚಾಚಬೇಕು. ಚಿತ್ರವನ್ನೇ ಪೂರ್ತಿ ಆವರಿಸಿಬಿಡುತ್ತದೆ. ಆದರೆ ವೀಗನ್, ಫ್ಯಾಕ್ಟೋಮೈನ್‌ಆರ್ ಥರದವು ದೊಡ್ಡ ಸ್ಯಾಂಪಲ್‌ಗೆ ಸರಿಹೊಂದುವ ಕೈ-ಸ್ಕ್ವೇರ್ ಬಳಸುತ್ತವೆ. ಅವುಗಳ ಲೆಕ್ಕದಲ್ಲಿ 1.2 ಡೀವಿಯೇಷನ್ ಅಷ್ಟೇ. ಮೂರು ಪಟ್ಟು ಚಿಕ್ಕದು! ನಿಮ್ಮ ಎರಡನೇ ಚಿತ್ರದಲ್ಲಿ ಮೂರನೇ ಹೊಳೆ ಅಚ್ಚುಕಟ್ಟಾಗಿ ಬೇರೆ ನಿಂತಿದ್ದರೆ ಅದನ್ನು ನಂಬಬೇಡಿ. 22 ಮತ್ತು 18ರ ಗುಂಪುಗಳಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ, 2.45 ಇರುವ ಕಡೆ 2.7, 2.8 ಬರುತ್ತದೆ, ಅಷ್ಟೇ. ಮೂರನೇ ಹೊಳೆಗೆ ಎಲಿಪ್ಸ್ ಬರೆಯದೆ ನಾಲ್ಕು ಚುಕ್ಕೆ ಮಾತ್ರ ತೋರಿಸಿ. ಅಲ್ಲಿರುವುದು ನಾಲ್ಕೇ ಮೀನು ಅಂತ ಓದುವವರಿಗೆ ನೇರವಾಗಿ ಕಾಣಲಿ.

ಮೀನಿನ ಅಳತೆಯಲ್ಲಿ ಇನ್ನೊಂದು ದೊಡ್ಡ ವಿಷಯ ಗಾತ್ರ. ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಸಂಗ್ರಹಿಸಿದ ಬಂಡೆ ಏಡಿಗಳ ಡೇಟಾ ಒಂದಿದೆ, 1974ರಲ್ಲಿ ಕ್ಯಾಂಪ್‌ಬೆಲ್ ಮತ್ತು ಮಹೋನ್ ಪ್ರಕಟಿಸಿದ್ದು. 200 ಏಡಿ, ಎರಡು ಬಣ್ಣ, ಗಂಡು ಹೆಣ್ಣು, ಐದು ಅಳತೆ. ಪಿಸಿಎ ಮಾಡಿದರೆ ಮೊದಲ ಘಟಕವೇ ಸುಮಾರು 98% ವ್ಯತ್ಯಾಸವನ್ನು ನುಂಗಿಬಿಡುತ್ತದೆ, ಮತ್ತು ಅದು ಬರೀ ಗಾತ್ರ. ಮೊದಲ ಎರಡು ಘಟಕಗಳ ಚಿತ್ರದಲ್ಲಿ ನಾಲ್ಕೂ ಗುಂಪು ಚೆನ್ನಾಗಿ ಬಿಡಿಸಿಕೊಳ್ಳುವುದಿಲ್ಲ. ಎರಡನೇ ಮತ್ತು ಮೂರನೇ ಘಟಕ ಇಟ್ಟು ನೋಡಿದರೆ ಲಿಂಗವೂ ಬಣ್ಣವೂ ಚೆನ್ನಾಗಿ ಬೇರೆಯಾಗುತ್ತವೆ. ನೂರಕ್ಕೆ ಎರಡರಷ್ಟು ಉಳಿದ ವ್ಯತ್ಯಾಸದಲ್ಲಿ ಜೀವಶಾಸ್ತ್ರ ಕೂತಿದೆ! ಪಿಸಿಎ ಹುಡುಕುವುದು ಅತಿ ಹೆಚ್ಚು ಹರಡಿಕೆ ಇರುವ ದಿಕ್ಕನ್ನು, ಗುಂಪುಗಳು ಬೇರೆಯಾಗುವ ದಿಕ್ಕನ್ನಲ್ಲ. ನಿಮ್ಮ ಎಂಟು ಅಳತೆಗಳನ್ನು ಲಾಗ್‌ಗೆ ಬದಲಿಸಿ ಪಿಸಿಎ ಮಾಡಿ. ಮೊದಲ ಘಟಕದಲ್ಲಿ ಎಲ್ಲ ಅಳತೆಗಳ ತೂಕವೂ ಒಂದೇ ಚಿಹ್ನೆಯಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇದ್ದರೆ ಅದು ಗಾತ್ರ ಅಂತ ತಿಳಿಯಿರಿ. ಆಮೇಲೆ ಎರಡು ಮತ್ತು ಮೂರನೇ ಘಟಕಕ್ಕೆ ಎಲಿಪ್ಸ್ ಬರೆದು ನೋಡಿ. ಮೊದಲ ಹೊಳೆಯಲ್ಲಿ ದೊಡ್ಡ ಮೀನು, ಎರಡನೆಯದರಲ್ಲಿ ಮರಿಗಳು ಬಲೆಗೆ ಬಿದ್ದಿದ್ದರೆ ಮೊದಲ ಘಟಕದಲ್ಲಿ ಕಾಣುವ ವ್ಯತ್ಯಾಸ ಹೊಳೆಯದ್ದಲ್ಲ, ವಯಸ್ಸಿನದ್ದು. ಎರಡೂ ಅಕ್ಷದ ಸ್ಕೇಲ್ ಒಂದೇ ಇರಲಿ, ಇಲ್ಲದಿದ್ದರೆ ಎಲಿಪ್ಸ್‌ನ ಆಕಾರವೇ ಸುಳ್ಳಾಗುತ್ತದೆ.

ಟೆಸ್ಟ್ ಮಾಡುವಾಗ ಎರಡು ಘಟಕಗಳ ಮೇಲೆ ಮಾಡಬೇಡಿ, ಎಂಟೂ ಅಳತೆಗಳ ಮೇಲೆ ಮಾಡಿ. ಮಾನೋವಾ (ಹಲವು ಅಳತೆಗಳಲ್ಲಿ ಹಲವು ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಆಗಬಹುದು. ನಾರ್ಮಲ್ ಅಂತ ನಂಬಿಕೆ ಇಲ್ಲದಿದ್ದರೆ ಪರ್ಮನೋವಾ, ಅಂದರೆ ಗುಂಪಿನ ಹೆಸರುಗಳನ್ನು ಮತ್ತೆ ಮತ್ತೆ ಕಲಸಿ ಹೋಲಿಸುವ ಪರೀಕ್ಷೆ. ಆದರೆ ಪರ್ಮನೋವಾಕ್ಕೆ ಸರಾಸರಿಯ ವ್ಯತ್ಯಾಸವೂ ಹರಡಿಕೆಯ ವ್ಯತ್ಯಾಸವೂ ಬೆರೆತು ಕಾಣುತ್ತವೆ, ಗುಂಪುಗಳ ಸಂಖ್ಯೆ 22, 18, 4 ಅಂತ ಏರುಪೇರಾಗಿದ್ದಾಗ ಇನ್ನೂ ಜಾಸ್ತಿ. ಜೊತೆಗೆ ಹರಡಿಕೆಯ ಪರೀಕ್ಷೆಯನ್ನೂ ಮಾಡಿ ಎರಡನ್ನೂ ವರದಿ ಮಾಡಿ. ಎಲಿಪ್ಸ್ ಬೇರೆಯಾಗಿ ಕಾಣಲಿ ಅಂತ ಪಿಎಲ್ಎಸ್-ಡಿಎ ಕಡೆಗೆ ಹೋಗಬೇಡಿ. ಗುಂಪಿನ ಹೆಸರನ್ನು ಮೊದಲೇ ಹೇಳಿಕೊಟ್ಟು ದಿಕ್ಕು ಹುಡುಕಿಸುವ ವಿಧಾನ ಅದು. ಅಳತೆ ಹೆಚ್ಚು, ಸ್ಯಾಂಪಲ್ ಕಡಿಮೆ ಇದ್ದಾಗ ಏನೂ ಅರ್ಥವಿಲ್ಲದ ಸಂಖ್ಯೆಗಳನ್ನೂ ಅದು ಚೆಂದವಾಗಿ ಬೇರೆ ಮಾಡಿ ತೋರಿಸುತ್ತದೆ.

ಒಂದು ಮೀನಿಗೆ ಒಂದೇ ಚುಕ್ಕೆ ಇದೆಯಾ ನೋಡಿಕೊಳ್ಳಿ. ಒಂದೇ ಮೀನನ್ನು ಮೂರು ಸಲ ಅಳೆದು ಮೂರು ಚುಕ್ಕೆ ಹಾಕಿದರೆ ಸರಾಸರಿಯ ಎಲಿಪ್ಸ್‌ನ ವಿಸ್ತೀರ್ಣ ಪುಕ್ಕಟೆಯಾಗಿ ಮೂರನೇ ಒಂದಕ್ಕೆ ಇಳಿಯುತ್ತದೆ. ಮಾಹಿತಿ ಮಾತ್ರ ಹೆಚ್ಚಾಗಿರುವುದಿಲ್ಲ. ಮೂರು ಅಳತೆಯ ಸರಾಸರಿ ತೆಗೆದು ಒಂದೇ ಚುಕ್ಕೆ ಹಾಕಿ. ಹಾಗೆಯೇ, 95% ಎಲಿಪ್ಸ್ ಹೊರಗೆ ಬಿದ್ದ ಮೀನನ್ನು ಅಷ್ಟೇ ಕಾರಣಕ್ಕೆ ತೆಗೆದುಹಾಕಬೇಡಿ. 22ರಲ್ಲಿ ಒಂದು ಹೊರಗೆ ಬೀಳುವುದು ಸಹಜ. ಅಳತೆ ತಪ್ಪಾಗಿದೆಯಾ, ಜಾತಿ ಗುರುತಿಸುವಾಗ ಎಡವಟ್ಟಾಗಿದೆಯಾ ಅಂತ ಪುಸ್ತಕ ತೆಗೆದು ನೋಡಿ, ಆಗಿಲ್ಲದಿದ್ದರೆ ಇರಲಿ ಬಿಡಿ.

ಚಿತ್ರದ ಕೆಳಗೆ ಹೀಗೆ ಬರೆಯಿರಿ: ‘ಬಣ್ಣ ತುಂಬಿದ ಎಲಿಪ್ಸ್ ಗುಂಪಿನ ಸರಾಸರಿಯ 95% ಕಾನ್ಫಿಡೆನ್ಸ್ ಪ್ರದೇಶ, ಎಫ್-ಡಿಸ್ಟ್ರಿಬ್ಯೂಷನ್ ಆಧಾರದಲ್ಲಿ. ತೆಳು ಗೆರೆ 95% ಡೇಟಾ ಎಲಿಪ್ಸ್. ಒಂದು ಚುಕ್ಕೆ ಒಂದು ಮೀನು. ಮೂರನೇ ಹೊಳೆಯಲ್ಲಿ 4 ಮೀನು ಮಾತ್ರ ಇರುವುದರಿಂದ ಎಲಿಪ್ಸ್ ಬರೆದಿಲ್ಲ.’ ಪ್ಯಾಕೇಜಿನ ಹೆಸರು, ವರ್ಷನ್ ಕೂಡ ಹಾಕಿ. ಇಷ್ಟು ಬರೆದರೆ ಪರಿಶೀಲಕರು ಈ ವಿಷಯದಲ್ಲಿ ಮತ್ತೆ ಪ್ರಶ್ನೆ ಕೇಳುವುದಿಲ್ಲ.

ಮೂರನೇ ಹೊಳೆಗೆ ಇನ್ನೊಮ್ಮೆ ಹೋಗಲು ಅನುಮತಿಯೂ ಸಮಯವೂ ಇದ್ದರೆ ಎಷ್ಟು ಮೀನು ಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. 4 ಮೀನಿದ್ದರೆ ಸರಾಸರಿಯ ಎಲಿಪ್ಸ್ 3.8 ಡೀವಿಯೇಷನ್ ಚಾಚುತ್ತದೆ ಅಂದೆನಲ್ಲ, 10 ಆದರೆ ಅದು 1.0ಕ್ಕೆ ಇಳಿಯುತ್ತದೆ, 20 ಆದರೆ 0.6ಕ್ಕೆ. ಲಾಭ ಹೆಚ್ಚಾಗಿ ಸಿಗುವುದು ಹೊಸದಾಗಿ ಹಿಡಿಯುವ ಮೊದಲ ಆರು ಮೀನಿನಲ್ಲೇ. ಅಷ್ಟು ಸಿಕ್ಕರೂ ಮೂರನೇ ಹೊಳೆಗೂ ಧೈರ್ಯವಾಗಿ ಎಲಿಪ್ಸ್ ಬರೆಯಬಹುದು.